ಅಲೆ ಮೇಲೆ ನಿಂತಾಗ ಯಾರನ್ನು ನೋಡ್ತಾಳೆ

ಸಮುದ್ರದ ಮೇಲೆ ಒಂದು ಹಲಗೆ ಹಾಕಿಕೊಂಡು, ಆ ಹಲಗೆ ಮೇಲೆ ಎದ್ದು ನಿಂತು, ಅಲೆಯ ಜೊತೆಗೆ ದಡಕ್ಕೆ ಓಡಿ ಬರೋದು. ಅದಕ್ಕೆ ಸರ್ಫಿಂಗ್ ಅಂತಾರೆ. ನನ್ನ ಮೊಮ್ಮಗಳು ಅದನ್ನು ಮಾಡಿದಳು, ನಾನು ಕಣ್ಣಾರೆ ನೋಡಿದೆ. ಊರಿಗೆ ಬಂದು ಹದಿನೈದು ದಿನ ಆಯ್ತು. ಡೇರಿಗೆ ಹಾಲು ಹಾಕೋಕೆ ಬರುವವರಿಗೆಲ್ಲ ಹೇಳಿದ್ದೀನಿ, ಸೊಪ್ಪು ಕೊಯ್ಯೋಕೆ ಬರೋ ಹೆಂಗಸರಿಗೆ ಎರಡೆರಡು ಸಲ ಹೇಳಿದ್ದೀನಿ, ಇನ್ನೂ ಹೇಳಬೇಕು ಅನ್ನಿಸುತ್ತೆ. "ಇಷ್ಟು ಹೇಳೋ ಬದಲು ಬರೆದಿಡೇ ಮಾರಾಯ್ತಿ, ಬೇಕಾದವರು ಓದ್ಕೊಳ್ತಾರೆ" ಅಂತ ನಮ್ಮ ಯಜಮಾನರು ರೇಗಿದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಸರಿ, ಬರೀತೀನಿ. ಬರೆಯೋದು ಅಂದ ಮೇಲೆ ಸಂತೋಷ ಒಂದನ್ನೇ ಬರೆದರೆ ಸುಳ್ಳಾಗುತ್ತೆ. ಆ ಮೂರು ದಿನ ನನ್ನ ಹೊಟ್ಟೆಯಲ್ಲಿ ಸಂತೋಷಕ್ಕಿಂತ ಜಾಸ್ತಿ ಇದ್ದದ್ದು ಕಿಚ್ಚು. ನನ್ನ ಬೀಗಿತ್ತಿ ಮೇಲಿನ ಕಿಚ್ಚು.

ಬೀಗಿತ್ತಿ ಅಂದರೆ ನನ್ನ ಮಗಳ ಅತ್ತೆ. ನಮ್ಮದು ಜಂಗಮಕೋಟೆ, ಅವಳದು ಚಿಂತಾಮಣಿ ಕಡೆ ಕೆಂಚಾರ್ಲಹಳ್ಳಿ, ಮಾತಿನ ಮಧ್ಯೆ ತೆಲುಗು ಬರುತ್ತೆ. ಇಬ್ಬರ ಮನೆಯಲ್ಲೂ ರೇಷ್ಮೆ ಹುಳ ಮೇಯಿಸ್ತೀವಿ. ನಾನು ಅವಳಿಗಿಂತ ಎರಡು ವರ್ಷ ದೊಡ್ಡವಳು, ಅದಕ್ಕೆ ಅವಳು ನನ್ನನ್ನು ಅಕ್ಕಾ ಅಂತಾಳೆ, ನಾನು ಅವಳನ್ನು ಬೀಗ್ರೇ ಅಂತೀನಿ. ಎದುರಿಗೆ ಬಹುವಚನ, ಮನಸ್ಸಿನಲ್ಲಿ ಏಕವಚನ. ಇಲ್ಲಿ ಮನಸ್ಸಿನದೇ ಬರೀತೀನಿ.

ಮೊಮ್ಮಗಳಿಗೆ ಹದಿನೆಂಟು ವರ್ಷ. ನನ್ನನ್ನು ಅಜ್ಜಿ ಅಂತಾಳೆ, ಅವಳನ್ನು ಅವ್ವ ಅಂತಾಳೆ. ಅಜ್ಜಿ ಅನ್ನೋ ಮಾತು ಬಾಯಿಂದ ಬರುತ್ತೆ, ಅವ್ವ ಅನ್ನೋ ಮಾತು ಹೊಟ್ಟೆಯಿಂದ ಬರುತ್ತೆ ಅಂತ ನನಗೆ ಯಾವಾಗಲೂ ಅನ್ನಿಸೋದು. ಇದಕ್ಕೆ ನಾನೇ ಕಾರಣ. ನನ್ನ ಮಗಳು ಮೊದಲನೇ ಬಾಣಂತನಕ್ಕೆ ನಮ್ಮ ಮನೆಗೇ ಬಂದಿದ್ದಳು. ಆಗ ನಮಗೆ ಬೇರೆ ಹುಳದ ಮನೆ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ಹುಳ, ನಡುಮನೆಯಲ್ಲಿ ಬಾಣಂತಿ. ಮಗುವಿಗೆ ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಡಬೇಕು. ಹುಳಕ್ಕೆ ಸಾಂಬ್ರಾಣಿ ಆಗೋದಿಲ್ಲ. ಹೊಗೆ ಆಗೋಲ್ಲ, ಘಾಟು ಆಗೋಲ್ಲ, ಪೌಡರು ಸೆಂಟು ಏನೂ ಆಗೋಲ್ಲ, ತಲೆ ಎತ್ತದೆ ಮಲಗಿಬಿಡುತ್ತೆ. ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು. ಜ್ವರ ಅಂದರೆ ಕಾಯಿಲೆ ಅಲ್ಲ. ಹುಳ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂತು ಚರ್ಮ ಕಳಚುತ್ತಲ್ಲ, ಅದಕ್ಕೆ ನಾವು ಜ್ವರ ಅಂತೀವಿ. "ಈ ಒಂದು ಬೆಳೆ ಆಗೋ ತನಕ ಹೊಗೆ ಬೇಡ" ಅಂದೆ ನಾನು. ಮಗುವಿಗೆ ಶೀತ ಆಯ್ತು. ಬೀಗಿತ್ತಿ ನೋಡೋಕೆ ಬಂದಳು. ಮೂಗು ಕಟ್ಟಿದ ಮಗು ನೋಡಿದಳು, ನನ್ನ ಹಿಂದಿನ ಕೋಣೆ ಬಾಗಿಲು ನೋಡಿದಳು, ತಾಯಿ ಮಗು ಇಬ್ಬರನ್ನೂ ಕರೆದುಕೊಂಡು ಹೋದಳು. ಆ ಸಲ ಅವರ ಮನೆಯಲ್ಲಿ ಹುಳವೇ ಮೇಯಿಸಲಿಲ್ಲವಂತೆ. ಬೆಳೆದು ನಿಂತಿದ್ದ ಹಿಪ್ಪುನೇರಳೆ ಸೊಪ್ಪನ್ನೆಲ್ಲ ಪಕ್ಕದವರು ಕೊಯ್ದುಕೊಂಡು ಹೋದರಂತೆ. ನನಗೆ ಗೂಡು ಬಂತು, ಅವಳಿಗೆ ಮಗು ಬಂತು.

ಈ ಸಲ ಏನಾಯ್ತು ಅಂದರೆ, ಚಿಕ್ಕಬಳ್ಳಾಪುರದಲ್ಲಿ ಒಬ್ಬರು ಮೇಡಂ ಹೆಂಗಸರನ್ನು ಗುಂಪು ಕಟ್ಟಿಕೊಂಡು ಟೂರಿಗೆ ಕರೆದುಕೊಂಡು ಹೋಗ್ತಾರೆ. ನನ್ನ ಮಗಳು ಅಳಿಯ ಇರೋದೂ ಅಲ್ಲೇ. ಮಂಗಳೂರು ಕಡೆ ಸಮುದ್ರಕ್ಕೆ, ಮೂರು ದಿನ ಸರ್ಫಿಂಗ್ ಕಲಿಸ್ತಾರೆ ಅಂದಾಗ ಮೊಮ್ಮಗಳು ಕುಣಿದಳು. "ದೊಡ್ಡವರು ಒಬ್ಬರು ಜೊತೆಗಿದ್ರೆ ಹೋಗು" ಅಂದಳು ನನ್ನ ಮಗಳು. ಹೇಳಿದ್ದು ಸಂಜೆ ಫೋನಿನಲ್ಲಿ. "ನಾನು ಹೋಗ್ತೀನಿ" ಅಂತ ನಾನು ಅನ್ನೋದರೊಳಗೆ, "ನಮ್ಮತ್ತೆನೂ ಬರ್ತೀನಿ ಅಂದವ್ರೆ" ಅಂದಳು.

"ಅವರ್ಯಾಕೆ? ಅವರಿಗೆ ಮಂಡಿನೋವಲ್ವಾ?"

"ನಿನಗೂ ಮಂಡಿನೋವು ತಾನೇ ಅಮ್ಮ?"

"ನಂದು ಎಡಗಾಲು ಒಂದೇ."

ಇಬ್ಬರೂ ಬಿಟ್ಟುಕೊಡಲಿಲ್ಲ. ಮನೆಯಲ್ಲಿ ಹುಳ ಮೂರನೇ ಜ್ವರ ಎದ್ದಿತ್ತು. ದಿನಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು ಅನ್ನೋ ಹೊತ್ತು. ಮಗ ಸೊಸೆಗೆ ಒಪ್ಪಿಸಿ ಹೊರಟೆ. ಹುಳ ಮಧ್ಯದಲ್ಲಿ ಬಿಟ್ಟು ಹೊರಟದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಯಜಮಾನರು ಬಾಯಿ ಬಿಟ್ಟುಕೊಂಡು ನೋಡಿದರು. ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ಆಸೆ. ಮಗು ಆ ಹಲಗೆ ಮೇಲೆ ಮೊದಲನೇ ಸಲ ಎದ್ದು ನಿಲ್ಲುತ್ತಲ್ಲ, ಆಗ ಅದು ದಡದ ಕಡೆ ತಿರುಗಿ ಮೊದಲು ನನ್ನನ್ನು ನೋಡಬೇಕು. ಅಜ್ಜೀ ಅಂತ ಕೂಗಬೇಕು. ಅವ್ವ ಅನ್ನೋದಕ್ಕೆ ಮುಂಚೆ. ಅಷ್ಟೇ.

ಬೆಳಿಗ್ಗೆ ಐದಕ್ಕೆ ಚಿಕ್ಕಬಳ್ಳಾಪುರದಲ್ಲಿ ಮಿನಿ ಬಸ್ಸು ಹತ್ತಿದ್ವಿ. ಗೌರಿಬಿದನೂರಿನವರು, ಶಿಡ್ಲಘಟ್ಟದವರು, ತೊಂಡೇಬಾವಿಯಿಂದ ಇಬ್ಬರು ಟೀಚರ್‌ಗಳು, ಒಟ್ಟು ಹದಿನಾಲ್ಕು ಹೆಂಗಸರು. ಇಬ್ಬರು ಕೂರೋ ಸೀಟು. ಮೊಮ್ಮಗಳು ನನ್ನ ಬ್ಯಾಗು ಮೇಲಿಟ್ಟು, "ಅಜ್ಜಿ, ನೀನು ಇಲ್ಲಿ ಕೂತ್ಕೋ. ಅವ್ವನಿಗೆ ಘಾಟಿಯಲ್ಲಿ ವಾಂತಿ ಬರುತ್ತೆ, ನಾನು ಅವರ ಪಕ್ಕ ಇರ್ತೀನಿ" ಅಂದಳು.

ನನಗೆ ಯಾವ ಬಸ್ಸಿನಲ್ಲೂ ವಾಂತಿ ಬಂದಿಲ್ಲ. ಅವತ್ತು ಬರಲಿ ಅಂತ ನಾನೂ ಎಷ್ಟೋ ಪ್ರಯತ್ನಪಟ್ಟೆ. ಶಿರಾಡಿ ಘಾಟಿ ತಿರುವಿನಲ್ಲಿ ಕಿಟಕಿಗೆ ತಲೆ ಆನಿಸಿ, ಕಣ್ಣು ಮುಚ್ಚಿಕೊಂಡು, ಹೂಂ ಹೂಂ ಅಂತ ನರಳಿದೆ. ಪಕ್ಕದಲ್ಲಿದ್ದ ತೊಂಡೇಬಾವಿ ಟೀಚರು ಒಂದು ನಿಂಬೆಹಣ್ಣು ಕೊಟ್ಟರು. ಮೊಮ್ಮಗಳು ತಿರುಗಿ ಕೂಡ ನೋಡಲಿಲ್ಲ. ಅವ್ವನ ಬೆನ್ನು ನೀವುತ್ತಾ ಇದ್ದಳು. ಊಟಕ್ಕೆ ನಿಂತಾಗ ನಾನು ಎರಡು ದಿನ ಕೂತು ಮಾಡಿದ್ದ ನಿಪ್ಪಟ್ಟಿನ ಡಬ್ಬ ತೆಗೆದೆ. ಅಷ್ಟರಲ್ಲಿ ಬೀಗಿತ್ತಿ ಬಾಳೆ ಎಲೆಯಲ್ಲಿ ಸುತ್ತಿದ್ದ ಒಬ್ಬಟ್ಟು ತೆಗೆದಳು.

"ರಾ ತಲ್ಲೀ, ತಿನ್ನು. ಅಕ್ಕಾ, ನೀವೂ ತಗೊಳ್ಳಿ."

ತಗೊಂಡೆ. ಚೆನ್ನಾಗಿತ್ತು. ಅದೇ ನನಗೆ ತಡೆಯೋಕೆ ಆಗಲಿಲ್ಲ.

ನಾವು ಇಳಿದುಕೊಂಡ ಜಾಗ ತೆಂಗಿನ ತೋಟದೊಳಗೆ. ತೋಟ ದಾಟಿದರೆ ಮರಳು, ಮರಳು ದಾಟಿದರೆ ನೀರು. ಸಮುದ್ರವನ್ನು ನಾನು ಅದಕ್ಕೆ ಮುಂಚೆ ಟಿವಿಯಲ್ಲಿ ನೋಡಿದ್ದೆ. ಟಿವಿಯಲ್ಲಿ ಅದರ ಸದ್ದು ಕಮ್ಮಿ ಮಾಡಬಹುದು. ಇಲ್ಲಿ ಅದು ನಿಲ್ಲೋದೇ ಇಲ್ಲ. ಕಲಿಸೋದಕ್ಕೆ ಇದ್ದವಳು ಆ ಊರಿನ ಹೆಂಗಸೇ, ಮೀನು ಹಿಡಿಯೋರ ಮನೆಯವಳು, ಎರಡು ಮಕ್ಕಳ ತಾಯಿ. ತೋಳು ನೋಡಿದರೆ ನಮ್ಮ ಕಡೆ ಮೂಟೆ ಹೊರುವವರ ತೋಳು. ಹುಡುಗಿಯರು ಅವಳನ್ನು ಕೋಚ್ ಅಂತ ಕರೆದರು, ನಾವಿಬ್ಬರು ಕೋಚಮ್ಮ ಅಂದೆವು.

ಹಲಗೆ ಅಂದರೆ ಮರದ್ದಲ್ಲ. ನಮ್ಮ ಬಾಗಿಲಿಗಿಂತ ಉದ್ದ, ಒತ್ತಿದರೆ ಸ್ವಲ್ಪ ಮೆತ್ತಗೆ, ನೀಲಿ ಬಣ್ಣ. ಅದಕ್ಕೊಂದು ಹಗ್ಗ. ಆ ಹಗ್ಗವನ್ನು ಕಾಲಿಗೆ ಕಟ್ಟಿಕೊಳ್ಳಬೇಕು, ಬಿದ್ದರೆ ಹಲಗೆ ದೂರ ಹೋಗಬಾರದು ಅಂತ. ಮೊದಲು ಮರಳಿನ ಮೇಲೇ ಪಾಠ. ಎಲ್ಲರೂ ಹಲಗೆ ಮೇಲೆ ಬೋರಲು ಮಲಗಿ ಎದೆ ಎತ್ತಿದರು. ನನಗೆ ನಗು ಬಂತು. ಹನ್ನೆರಡು ಹುಳ ಒಟ್ಟಿಗೆ ಜ್ವರಕ್ಕೆ ಕೂತ ಹಾಗೆ ಕಾಣಿಸಿತು.

"ಎದೆಯ ಪಕ್ಕ ಕೈ ಇಡಿ. ಒತ್ತಿ. ಒಂದೇ ಸಲಕ್ಕೆ ಎದ್ದು ನಿಲ್ಲಿ. ಕೆಳಗೆ ನೋಡ್ಲಿಕ್ಕಿಲ್ಲ, ಮುಂದೆ ನೋಡ್ಬೇಕು" ಅಂದಳು ಕೋಚಮ್ಮ. ನಮ್ಮ ಕಡೆ ತಿರುಗಿ, "ಅಮ್ಮಂದಿರು ಎಂತ ಕೂತದ್ದು? ಬನ್ನಿ ಮಾರಾಯ್ರೆ."

"ನಮಗೆ ಈ ವಯಸ್ಸಿನಲ್ಲಿ ಇದೆಲ್ಲ ಯಾಕಮ್ಮ" ಅಂದೆ ನಾನು. ದೊಡ್ಡಸ್ತಿಕೆಯಿಂದ ಹೇಳಿದೆ. ಬೀಗಿತ್ತಿಯೂ ಹಾಗೇ ಅಂತಾಳೆ ಅಂದುಕೊಂಡಿದ್ದೆ. ತಿರುಗಿ ನೋಡಿದರೆ ಅವಳು ಸೀರೆ ಬಿಟ್ಟು, ಅವರು ಕೊಟ್ಟಿದ್ದ ತುಂಬು ತೋಳಿನ ಬನಿಯನ್, ಪೈಜಾಮ ಹಾಕಿಕೊಂಡು ಬಂದು ನಿಂತಿದ್ದಾಳೆ!

ಅವತ್ತು ಸಂಜೆ ನಾನು ಮರಳಿನ ಮೇಲೆ ಎಲ್ಲರ ಚಪ್ಪಲಿ ಕಾಯುತ್ತಾ ಕೂತೆ. ಮೊಮ್ಮಗಳು ಬೀಗಿತ್ತಿಯನ್ನು ಹಲಗೆ ಮೇಲೆ ಮಲಗಿಸಿದಳು. ಕೋಚಮ್ಮ ಹಿಂದಿನಿಂದ ನೂಕಿದಳು. ನೊರೆ ಬಂದು ಅವಳನ್ನು ಎತ್ತಿಕೊಂಡು, ಸುಯ್ಯಂತ ದಡಕ್ಕೆ ತಂದು ಬಿಟ್ಟಿತು. ಅವಳು ಮಾಡಿದ್ದೇನು? ಮಲಗಿದ್ದು. ಅಷ್ಟಕ್ಕೆ ಹನ್ನೆರಡು ಜನ ಚಪ್ಪಾಳೆ. ಮೊಮ್ಮಗಳು ನೀರಿನಲ್ಲೇ ಓಡಿಬಂದು, "ಅವ್ವಾ! ಸೂಪರ್ ಅವ್ವಾ ನೀನು!" ಅಂತ ತಬ್ಬಿಕೊಂಡಳು.

"ಅಕ್ಕಾ, ನೋಡಿದ್ರಾ?" ಅಂತ ನನ್ನನ್ನು ಕೇಳಿದಳು ಬೀಗಿತ್ತಿ, ಮೂಗಿನಿಂದ ನೀರು ಸೋರಿಸಿಕೊಂಡು.

"ಚಪ್ಪಲಿ ನೋಡ್ತಿದ್ದೆ" ಅಂದೆ.

ಮಾರನೇ ದಿನ ನಾನೂ ಇಳಿದೆ. ಹುಡುಗಿಯರು ಮುಖಕ್ಕೆ ಬಿಸಿಲಿನ ಕ್ರೀಮು ಹಚ್ಚಿಕೊಳ್ಳುತ್ತಿದ್ದರು. ಬೀಗಿತ್ತಿ ಮುಖಕ್ಕೆ ಮೊಮ್ಮಗಳೇ ಹಚ್ಚಿದಳು, ಮಗುವಿಗೆ ಬೆಣ್ಣೆ ಹಚ್ಚಿದ ಹಾಗೆ. ನನ್ನ ಹತ್ತಿರ ಬಂದಾಗ ನಾನು ಮುಖ ತಿರುಗಿಸಿದೆ. "ಬೇಡ ಕಣಮ್ಮ, ವಾಸನೆ. ಮನೆಯಲ್ಲಿ ಹುಳ ಐತೆ."

"ಹುಳ ಜಂಗಮಕೋಟೇಲಿ ಐತೆ ಅಜ್ಜಿ! ಇಲ್ಲಿಂದ ವಾಸನೆ ಹೋಗುತ್ತಾ?"

ಹೋಗೋಲ್ಲ ಅಂತ ನನಗೂ ಗೊತ್ತು. ಆದರೆ ಕೈಯೇ ಬೇಡ ಅನ್ನುತ್ತೆ, ಅಷ್ಟು ವರ್ಷದ ಅಭ್ಯಾಸ. ಅಲ್ಲದೆ, ಅವಳಿಗೆ ಹಚ್ಚಿ ಮಿಕ್ಕಿದ್ದು ನನಗೆ ಯಾಕೆ ಅಂತ ಒಂದು ಬಿಂಕ. ಸಂಜೆಗೆ ನನ್ನ ಮೂಗು ಸುಟ್ಟ ಬದನೆಕಾಯಿ ಆಗಿತ್ತು. ಬೀಗಿತ್ತಿಯ ಮನೆಯಲ್ಲೂ ಹುಳ ಇತ್ತಲ್ಲ, ಅವಳು ಹೇಗೆ ಹಚ್ಚಿಸಿಕೊಂಡಳು? ಮೊಮ್ಮಗಳ ಕೈ ಮುಖದ ಮೇಲೆ ಬರುತ್ತೆ ಅಂದರೆ ಅವಳು ಹುಳವನ್ನು ಮರೆತಾಳು. ಮೊದಲೂ ಹಾಗೇ ಮಾಡಿದ್ದಳು.

ನೀರಿನಲ್ಲಿ ನಾನು ಹನ್ನೊಂದು ಸಲ ಬಿದ್ದೆ. ಉಪ್ಪುನೀರು ಕುಡಿದೆ, ಕಿವಿಯಲ್ಲಿ ಮರಳು, ಹಲ್ಲಿನಲ್ಲಿ ಮರಳು. ಆದರೆ ಒಂದು ಸಲ, ಕೋಚಮ್ಮ "ಈಗ ಏಳಿ!" ಅಂದಾಗ, ಅದು ಹೇಗೆ ಆಯ್ತೋ, ಎರಡು ಮಂಡಿಯ ಮೇಲೆ ಎದ್ದುಬಿಟ್ಟೆ. ಮಂಡಿಯ ಮೇಲೆ ನಿಂತು, ಕೈ ಎರಡೂ ಬಿಟ್ಟು, ನೊರೆಯ ಜೊತೆ ಬಂದೆ. ಎರಡು ಉಸಿರಿನಷ್ಟು ಹೊತ್ತು. ಬೀಗಿತ್ತಿ ಬರೀ ಮಲಗಿದ್ದವಳು, ನಾನು ಮಂಡಿಯಲ್ಲಿ ನಿಂತವಳು! ದಡದಲ್ಲಿ ಕಣ್ಣಾಡಿಸಿದೆ. ಮೊಮ್ಮಗಳು ಎಲ್ಲಿ? ದೂರದಲ್ಲಿ ಎಳನೀರಿನವನ ಹತ್ತಿರ ನಿಂತಿದ್ದಾಳೆ, ಈ ಕಡೆ ಬೆನ್ನು ಹಾಕಿ. ಅವ್ವನಿಗೆ ಬಾಯಾರಿಕೆಯಂತೆ.

"ನಾನು ಮಂಡಿಯ ಮೇಲೆ ನಿಂತೆ ಕಣೇ!" ಅಂದೆ, ಅವಳು ಬಂದ ಮೇಲೆ.

"ಹೌದಾ ಅಜ್ಜಿ? ವಾವ್! ಇನ್ನೊಂದ್ಸಲ ಮಾಡು, ವಿಡಿಯೋ ಮಾಡ್ತೀನಿ."

ಇನ್ನೊಂದು ಸಲ ಆಗಲಿಲ್ಲ. ನಾಲ್ಕು ಸಲ ಪ್ರಯತ್ನಪಟ್ಟೆ, ವಿಡಿಯೋದಲ್ಲಿ ಇರೋದು ನನ್ನ ಪಾದ ಮಾತ್ರ. ಬೀಗಿತ್ತಿ ಎಳನೀರು ಹೀರುತ್ತಾ, "ಪಾಪ, ಅಕ್ಕ ನಿಂತಿರ್ತಾರೆ ಬಿಡು, ಸುಳ್ಳ್ಯಾಕೆ ಹೇಳ್ತಾರೆ" ಅಂದಳು. ಆ "ಪಾಪ" ಇದೆಯಲ್ಲ, ಅದು ಉಪ್ಪುನೀರಿಗಿಂತ ಉರಿಯಿತು.

ಇಷ್ಟರಲ್ಲಿ ಮೊಮ್ಮಗಳದ್ದು ಏನಾಗಿತ್ತು ಅಂದರೆ, ದಡದ ನೊರೆಯಲ್ಲಿ ಅವಳು ಚೆನ್ನಾಗಿ ಏಳುತ್ತಿದ್ದಳು, ಆದರೆ ಅದು ಲೆಕ್ಕಕ್ಕಿಲ್ಲವಂತೆ. ನೊರೆ ಆಗೋದಕ್ಕೆ ಮುಂಚೆ, ಅಲೆ ಇನ್ನೂ ಹಸಿರಾಗಿ, ಬೆನ್ನು ಉಬ್ಬಿಸಿಕೊಂಡು ಬರುತ್ತಲ್ಲ, ಅದನ್ನು ಯಾರೂ ನೂಕದೆ ತಾನೇ ಹಿಡಿದು ನಿಲ್ಲಬೇಕು. ಅದೇ ಸರ್ಫಿಂಗ್. ಎರಡು ದಿನದಲ್ಲಿ ಅದು ಒಂದು ಸಲವೂ ಆಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮಗು ಸರಿಯಾಗಿ ಊಟ ಮಾಡಲಿಲ್ಲ. "ನಾಳೆ ಒಂಬತ್ತಕ್ಕೆ ಬಸ್ಸು. ಅದರೊಳಗೆ ಆಗ್ಲಿಲ್ಲ ಅಂದ್ರೆ ಮುಗೀತು" ಅಂತ ಕಣ್ಣಲ್ಲಿ ನೀರು ತಂದುಕೊಂಡಳು. "ನಾಳೆ ಆಗ್ತದೆ. ನಿನ್ನ ಬ್ಯಾಲೆನ್ಸ್ ಒಳ್ಳೇದುಂಟು" ಅಂದಳು ಕೋಚಮ್ಮ.

ನಾಳೆ ಆಗುತ್ತೆ ಅಂದರೆ, ನಾಳೆಯೇ ಅವಳು ಯಾರನ್ನು ನೋಡ್ತಾಳೆ ಅನ್ನೋದೂ ತೀರ್ಮಾನ ಆಗುತ್ತೆ.

ಬೆಳಕು ಹರಿಯೋ ಹೊತ್ತಿಗೆ ಎದ್ದೆ. ಬೀಗಿತ್ತಿ ಅಷ್ಟರಲ್ಲೇ ಎದ್ದು, ಮಗುವಿಗೆ ತಲೆ ಬಾಚಿ ಬಿಗಿಯಾಗಿ ಎರಡು ಜಡೆ ಹಾಕುತ್ತಿದ್ದಳು. ಸರಿ, ತಲೆ ಅವಳ ಪಾಲಿಗೆ ಹೋಯ್ತು. ನಾನು ಏನು ಮಾಡಲಿ? ಹೊರಗೆ ಬಂದೆ. ಹಲಗೆಗಳನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು. ಮೊಮ್ಮಗಳ ಹಲಗೆ ಯಾವುದು ಅಂತ ನನಗೆ ಗೊತ್ತು, ತುದಿಯಲ್ಲಿ ಹಳದಿ ಪಟ್ಟೆ ಇರೋದು. ಹತ್ತಿರ ಹೋಗಿ ಕೈಯಾಡಿಸಿದೆ. ಅಯ್ಯೋ ದೇವರೇ! ಮೇಲೆಲ್ಲ ಅಂಟು, ಗಂಟು ಗಂಟು ಮೇಣದಂಥ ಕೊಳೆ, ಅದರ ತುಂಬ ಮರಳು, ಕೂದಲು. ಇಂಥ ಗಲೀಜಿನ ಮೇಲೆ ನಿಂತರೆ ಮಗು ಹೇಗೆ ಮೇಲೇಳುತ್ತೆ?

ಹುಳ ಮೇಯಿಸೋರ ಕೈಗೆ ಇಂಥದ್ದು ಕಂಡರೆ ತಡೆಯೋಕಾಗೋಲ್ಲ. ಒಂದು ಬೆಳೆ ಮುಗಿದು ಇನ್ನೊಂದು ಬೆಳೆಗೆ ಮುಂಚೆ ನಾವು ತಟ್ಟೆ, ಸ್ಟ್ಯಾಂಡು, ನೆಲ, ಗೋಡೆ ಎಲ್ಲ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ತೊಳೀತೀವಿ. ಒಂದು ಎಳೆ ಹಳೇ ಕೊಳೆ ಉಳಿದರೂ ಹೊಸ ಹುಳಕ್ಕೆ ರೋಗ. ನನ್ನ ಅತ್ತೆ ನನಗೆ ಮೊದಲು ಕಲಿಸಿದ್ದು ಸೊಪ್ಪು ಹಾಕೋದಲ್ಲ, ತಟ್ಟೆ ತೊಳೆಯೋದು. ತೋಟದಲ್ಲಿ ತೆಂಗಿನ ಚಿಪ್ಪು ಬಿದ್ದಿತ್ತು, ನಾರು ಬಿದ್ದಿತ್ತು. ಬಟ್ಟೆ ಸೋಪಿನ ಪುಡಿ ನನ್ನ ಬ್ಯಾಗಿನಲ್ಲಿತ್ತು. ಹಲಗೆಯನ್ನು ಮಲಗಿಸಿಕೊಂಡು, ಮುಂದಿನ ತುದಿಯಿಂದ ಶುರು ಮಾಡಿ, ಚಿಪ್ಪಿನ ಅಂಚಿನಿಂದ ಆ ಕೊಳೆ ಕೆರೆದು, ಸೋಪು ಹಾಕಿ ನಾರಿನಿಂದ ಉಜ್ಜುತ್ತಾ ಹೋದೆ. ಎಂಥ ಹೊಳಪು ಬಂತು ಅಂತೀರಿ!

ಮುಂದಿನ ಅರ್ಧ ಆಗಿತ್ತು. ಹಿಂದೆ ನೆರಳು ಬಿತ್ತು.

"ಏನಕ್ಕಾ ಮಾಡ್ತಿದ್ದೀರಿ?"

"ಕಾಣಿಸ್ತಿಲ್ವಾ ಬೀಗ್ರೇ. ಮಗೂದು ಹಲಗೆ ಗಲೀಜಾಗಿತ್ತು."

ಅವಳು ಒಂದು ನಿಮಿಷ ನಿಂತು ನೋಡಿದಳು. ಸೆರಗು ಸಿಕ್ಕಿಸಿದಳು. ಇನ್ನೊಂದು ಚಿಪ್ಪು ಹುಡುಕಿಕೊಂಡು ಬಂದು ಹಲಗೆಯ ಆ ತುದಿಗೆ ಕೂತಳು.

"ನಾನೇ ಮಾಡ್ತೀನಿ ಬಿಡಿ" ಅಂದೆ.

"ಹಿಂದ್ಗಡೆ ನಂಗಿರ್ಲಿ ಅಕ್ಕಾ."

"ನೀವು ಜಡೆ ಹಾಕಿದ್ರಲ್ಲ."

"ಜಡೆ ಬೇರೆ, ಹಲಗೆ ಬೇರೆ."

ಇಬ್ಬರೂ ಪೈಪೋಟಿ ಮೇಲೆ ಉಜ್ಜಿದೆವು. ಅವಳು ಮೂರು ಸಲ ನೀರು ಹಾಕಿದರೆ ನಾನು ನಾಲ್ಕು ಸಲ ಹಾಕಿದೆ. ಅವಳ ಕಡೆ ಕೆಲಸ ನೀಟಾಗಿತ್ತು, ಸುಳ್ಳು ಹೇಳಬಾರದು. ತೊಳೆದು, ಸೀರೆಯ ಸೆರಗಿನಲ್ಲಿ ಒರೆಸಿ, ಗೋಡೆಗೆ ನಿಲ್ಲಿಸಿದಾಗ ಅದು ಮದುವೆ ಮನೆಯ ಹಿತ್ತಾಳೆ ಪಾತ್ರೆ ಹಾಗೆ ಮಿಂಚುತ್ತಿತ್ತು.

ಏಳು ಗಂಟೆಗೆ ಮಗು ಆ ಹಲಗೆ ಹೊತ್ತುಕೊಂಡು ನೀರಿಗಿಳಿಯಿತು. ನಾವಿಬ್ಬರೂ ಒಂದೊಂದು ಟವೆಲ್ ಹಿಡಿದು ನೀರಿನ ಅಂಚಿಗೆ ಹೋಗಿ ನಿಂತೆವು. ನಾನು ಅವಳಿಗಿಂತ ಹತ್ತು ಹೆಜ್ಜೆ ಮುಂದೆ ನಿಂತೆ. ಅವಳು ಹನ್ನೆರಡು ಹೆಜ್ಜೆ ಮುಂದೆ ಬಂದಳು. ಹೀಗೇ ಮಾಡಿ ಮಾಡಿ ಇಬ್ಬರ ಸೀರೆಯೂ ಮಂಡಿಯವರೆಗೆ ನೆನೆಯಿತು.

ಮಗು ಕೈಯಲ್ಲಿ ನೀರು ತಳ್ಳಿಕೊಂಡು ನೊರೆ ದಾಟಿ ಹೋಯಿತು. ಅಲೆ ಬಂತು. ಎದ್ದಿತು. ಬಿದ್ದಿತು. ಇನ್ನೊಂದು ಅಲೆ. ಕೈ ಊರಿದ ಹಾಗೇ ಜಾರಿ ಗಲ್ಲ ಹಲಗೆಗೆ ಬಡಿಯಿತು. ಇನ್ನೊಂದು. ಈ ಸಲ ಕಾಲು ಇಟ್ಟ ಕೂಡಲೇ ಎಣ್ಣೆ ಮೇಲೆ ಇಟ್ಟ ಹಾಗೆ ಹಾರಿಹೋಯಿತು. ಎಂಟು ಸಲವೋ ಒಂಬತ್ತು ಸಲವೋ. ಹಿಂದಿನ ದಿನ ನೊರೆಯಲ್ಲಾದರೂ ನಿಲ್ಲುತ್ತಿದ್ದವಳು ಇವತ್ತು ನೆಟ್ಟಗೆ ನಿಲ್ಲಲೇ ಇಲ್ಲ. ಎಂಟು ಗಂಟೆ ಆಗಿತ್ತು. ಮಗು ಹಲಗೆ ಎಳೆದುಕೊಂಡು ದಡಕ್ಕೆ ಬಂದು, ಮರಳಿನ ಮೇಲೆ ಕುಕ್ಕರಿಸಿ ಅಳೋಕೆ ಶುರು ಮಾಡಿತು.

ಕೋಚಮ್ಮ ಬಂದು ಹಲಗೆಯ ಮೇಲೆ ಅಂಗೈ ಆಡಿಸಿದಳು. ಇನ್ನೊಂದು ಸಲ ಆಡಿಸಿದಳು. "ಇದ್ರ ಮೇಣ ಎಲ್ಲಿ ಹೋಯ್ತು?"

"ಯಾವ ಮೇಣ?" ಅಂತ ಮಗು ಮುಖ ಎತ್ತಿತು.

"ಕಾಲು ಜಾರ್ಬಾರ್ದು ಅಂತ ಉಜ್ಜಿದ್ದಲ್ವಾ ನಾನು! ಯಾರು ತೆಗ್ದದ್ದು ಇದನ್ನ? ಹಿಂದಿನ ಕಾಲು ಇಡುವಲ್ಲಿ ನೋಡು, ಒಂದು ಚೂರೂ ಇಲ್ಲ."

ಕೊಳೆ ಅಂದುಕೊಂಡು ನಾವು ಕೆರೆದದ್ದು ಮಗುವಿನ ಕಾಲಿಗೆ ಹಿಡಿತ ಕೊಡೋ ಮೇಣ. ಆದರೆ ಇನ್ನೊಂದನ್ನೂ ಹೇಳಿಬಿಡ್ತೀನಿ. ಅದು ಗೊತ್ತಾದ ಹಿಂದೆಯೇ ಒಂದು ಖುಷಿಯೂ ಬಂತು. ಹಿಂದಿನ ಕಾಲು ಇಡುವ ಜಾಗ ನನ್ನದಲ್ಲ, ಅವಳದ್ದು! ನಾನು ಉಜ್ಜಿದ್ದು ಮುಂದಿನ ಅರ್ಧ. ನಾಲಿಗೆ ತುದಿಗೆ ಬಂದಿತ್ತು, ಹಿಂದ್ಗಡೆ ತಿಕ್ಕಿದ್ದು ನಿಮ್ಮವ್ವ ಕಣಮ್ಮ, ಅಂತ. ಒಂದು ಮಾತು ಹೇಳಿದರೆ ಸಾಕು, ಹದಿನೆಂಟು ವರ್ಷದಲ್ಲಿ ಒಂದು ಸಲವಾದರೂ ಮಗು ಅವಳ ಮೇಲೆ ಕೋಪ ಮಾಡಿಕೊಂಡು ನನ್ನ ಕಡೆ ಬಂದು ನಿಲ್ಲುತ್ತೆ. ಬೀಗಿತ್ತಿ ಕಡೆ ನೋಡಿದೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಟವೆಲ್ಲನ್ನು ಎರಡು ಕೈಯಲ್ಲಿ ಹಿಂಡುತ್ತಿದ್ದಳು. ಆ ಮುಖ ನನಗೆ ಗೊತ್ತು. ಮಗುವಿಗೆ ಶೀತ ಆದಾಗ ಕನ್ನಡಿಯಲ್ಲಿ ನಾನು ನೋಡಿದ ಮುಖ ಅದು.

"ನಾನೇ ಕಣಮ್ಮ" ಅಂದೆ. "ಗಲೀಜು ಅಂದ್ಕೊಂಡು ತೊಳೆದೆ."

"ಇಲ್ಲ ತಲ್ಲೀ, ಅವರು ಮುಂದ್ಗಡೆ ಮಾತ್ರ" ಅಂದಳು ಬೀಗಿತ್ತಿ. "ಹಿಂದ್ಗಡೆ ನಾನು. ನೀನು ಜಾರಿದ್ದು ನನ್ನಿಂದ."

"ಶುರು ಮಾಡಿದ್ದು ನಾನು."

"ಜಾಸ್ತಿ ತಿಕ್ಕಿದ್ದು ನಾನು ಅಕ್ಕಾ."

"ಏನು ಜಾಸ್ತಿ? ನಾನು ನಾಲ್ಕು ಸಲ ನೀರು ಹಾಕ್ದೆ."

ಮಗು ಒಂದು ಸಲ ನನ್ನ ಮುಖ, ಒಂದು ಸಲ ಅವಳ ಮುಖ ನೋಡಿತು. "ಅಜ್ಜೀ! ಅವ್ವಾ! ಇದೇನು ಹುಳದ ತಟ್ಟೆನಾ?" ಅಂತ ಕಿರುಚಿತು. ನಿಜವಾದ ಕೋಪ. ಮರಳು ಎತ್ತಿ ನೆಲಕ್ಕೆ ಎಸೆಯಿತು. "ಒಂದೇ ಒಂದು ಬೆಳಿಗ್ಗೆ ಇತ್ತು ನಂಗೆ!" ಅಂತು. ನಾವಿಬ್ಬರೂ ತಲೆ ತಗ್ಗಿಸಿ ನಿಂತೆವು. ಇಬ್ಬರೂ ಒಟ್ಟಿಗೆ ಬೈಸಿಕೊಂಡದ್ದು ಅದೇ ಮೊದಲು. ಆಮೇಲೆ ಅದಕ್ಕೇ ಏನನ್ನಿಸಿತೋ, ಅಳುತ್ತಾ ಅಳುತ್ತಾ ಮೂಗಿನಲ್ಲಿ ಸೊರ್ ಅಂತ ಒಂದು ನಗು ಬಂತು. "ಬ್ಲೀಚಿಂಗ್ ಪೌಡರ್ ಹಾಕಿಲ್ಲ ತಾನೇ?"

"ಸಿಗ್ಲಿಲ್ಲ" ಅಂದಳು ಬೀಗಿತ್ತಿ.

ಕೋಚಮ್ಮ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ಜೇಬಿನಿಂದ ಸೋಪಿನ ಬಿಲ್ಲೆಯಷ್ಟು ದಪ್ಪದ ಎರಡು ಮೇಣದ ತುಂಡು ತೆಗೆದು ನಮ್ಮಿಬ್ಬರ ಕೈಗೆ ಒಂದೊಂದು ಕೊಟ್ಟಳು. "ತೆಗ್ದವರೇ ಹಾಕ್ಬೇಕು. ಹೀಗೆ, ಸುತ್ತ ಸುತ್ತ ಉಜ್ಜಿ. ಬೇಗ ಬೇಗ, ಹೊತ್ತಿಲ್ಲ."

ಉಜ್ಜಿದೆವು. ತೆಗೆಯೋದಕ್ಕಿಂತ ಹಾಕೋದು ಕಷ್ಟ, ರಟ್ಟೆ ಬಿದ್ದುಹೋಗುತ್ತೆ. ಅವಳ ಕಡೆ ಗಂಟು ಚೆನ್ನಾಗಿ ಏಳುತ್ತಿತ್ತು, ನನ್ನ ಕಡೆ ಏಳುತ್ತಿರಲಿಲ್ಲ. "ಒತ್ತಿ ಹಿಡೀಬೇಡಿ ಅಕ್ಕಾ, ಹಗುರ ಬಿಡಿ" ಅಂದಳು. ಹೇಳಿಸಿಕೊಂಡೆ, ಹಾಗೇ ಮಾಡಿದೆ, ಗಂಟು ಎದ್ದಿತು. ಅದಕ್ಕೂ ಸ್ವಲ್ಪ ಉರಿಯಿತು. ಆದರೆ ಕೈ ನಿಲ್ಲಿಸಲಿಲ್ಲ.

ಎಂಟೂವರೆ ದಾಟಿತ್ತು. ಮಗು ಮತ್ತೆ ನೀರಿಗಿಳಿಯಿತು. ಬಸ್ಸಿನ ಹತ್ತಿರ ಮೇಡಂ ಬ್ಯಾಗು ಎಣಿಸುತ್ತಿದ್ದರು. ಮೊದಲನೇ ಅಲೆ ತಪ್ಪಿತು. ಎರಡನೆಯದರಲ್ಲಿ ಎದ್ದು ಬಿದ್ದಿತು, ಆದರೆ ಜಾರಿ ಬಿದ್ದದ್ದಲ್ಲ. ಮೂರನೆಯದು ದೂರದಿಂದಲೇ ಎತ್ತರವಾಗಿ ಬಂತು, ಹಸಿರಾಗಿ, ಒಳಗಡೆ ಬಿಸಿಲು ಕಾಣುವ ಹಾಗೆ. ಮಗು ನಾಲ್ಕು ಸಲ ಕೈ ಹಾಕಿತು. ಎದೆ ಹತ್ತಿರ ಕೈ. ಎದ್ದಿತು. ನಿಂತಿತು!

ನಿಂತಿತು ಅಂದರೆ ನಿಂತೇ ಇತ್ತು. ಮಂಡಿ ಬಗ್ಗಿಸಿ, ಎರಡು ಕೈ ಅಗಲಿಸಿ, ಎರಡು ಜಡೆ ಹಿಂದಕ್ಕೆ ಹಾರಾಡಿಸಿಕೊಂಡು, ಆ ಹಸಿರು ಗೋಡೆಯ ಮುಂದೆ ಮುಂದೆ ಬರ್ತಾ ಇದೆ. ಅಲೆ ಹಿಂದೆ ಮುರಿದು ನೊರೆ ಆಯ್ತು, ಅದು ನಿಂತೇ ಇದೆ. ನನ್ನ ಎದೆ ಒಡೆದುಹೋಗುತ್ತೆ ಅನ್ನೋ ಅಷ್ಟು ಸಂತೋಷ. ಕೂಗಿದೆನೋ, ಅತ್ತೆನೋ ಗೊತ್ತಿಲ್ಲ. ಆ ಸಂತೋಷದಲ್ಲೂ ನಾನು ಮರೆಯಲಿಲ್ಲ ನೋಡಿ, ಅದರ ಕಣ್ಣನ್ನೇ ಹುಡುಕುತ್ತಿದ್ದೆ. ಈಗ ನೋಡುತ್ತೆ, ಈಗ ತಿರುಗುತ್ತೆ, ಈಗ ಅಜ್ಜೀ ಅನ್ನುತ್ತೆ.

ತಿರುಗಲಿಲ್ಲ. ಅದು ಮುಂದೆ ನೋಡುತ್ತಿತ್ತು. ಹಲಗೆ ಹೋಗುತ್ತಿದ್ದ ಕಡೆ. ಬಾಯಿ ಸ್ವಲ್ಪ ತೆರೆದಿತ್ತು. ಆ ಮುಖವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಅದರಲ್ಲಿ ಅಜ್ಜಿಯೂ ಇರಲಿಲ್ಲ, ಅವ್ವನೂ ಇರಲಿಲ್ಲ. ಮಂಡಿಯುದ್ದದ ನೀರಿಗೆ ಬಂದು ಇಳಿಯಿತು. ನಾವಿಬ್ಬರೂ ಟವೆಲ್ ಅಗಲಿಸಿಕೊಂಡು ಎರಡು ಕಡೆಯಿಂದ ಓಡಿದೆವು. ನಾವು ಮುಟ್ಟೋದರೊಳಗೆ ಅದು ಹಲಗೆಯನ್ನು ಗಿರಕ್ಕನೆ ತಿರುಗಿಸಿ, ಅದರ ಮೇಲೆ ಬಿದ್ದು, ಮತ್ತೆ ಸಮುದ್ರದ ಕಡೆ ಕೈ ಹೊಡೆದುಕೊಂಡು ಹೊರಟೇಬಿಟ್ಟಿತು.

ಇಬ್ಬರೂ ಅಲ್ಲೇ ನಿಂತೆವು, ಖಾಲಿ ಟವೆಲ್ ಹಿಡಿದುಕೊಂಡು.

ನಾನೇ ಕೇಳಿದೆ. "ಬೀಗ್ರೇ, ನಿಮ್ಮ ಕಡೆ ನೋಡಿದ್ಲಾ?"

"ಇಲ್ಲಕ್ಕಾ. ನಿಮ್ಮ ಕಡೆ?"

"ನನ್ನ ಕಡೇನೂ ಇಲ್ಲ."

"ನಿಜವಾಗ್ಲೂ?"

"ನಿಮ್ಮಾಣೆಗೂ ಇಲ್ಲ."

ಅವಳು ನನ್ನ ಮುಖವನ್ನು ಚೆನ್ನಾಗಿ ನೋಡಿ, ನಾನು ಸುಳ್ಳು ಹೇಳುತ್ತಿಲ್ಲ ಅಂತ ಗೊತ್ತು ಮಾಡಿಕೊಂಡಳು. ಆಮೇಲೆ ಇಬ್ಬರೂ ನೀರಿನ ಕಡೆ ನೋಡಿದೆವು. ಮಗು ಆಗಲೇ ನೊರೆ ದಾಟಿ, ಹಲಗೆ ಮೇಲೆ ಕಾಲು ಇಳಿಬಿಟ್ಟು ಕೂತು, ಮುಂದಿನ ಅಲೆಗೆ ಕಾಯುತ್ತಿತ್ತು. ನಮಗೆ ಬೆನ್ನು ಹಾಕಿ. ಆ ಸಮುದ್ರವನ್ನು ನೋಡಿದರೆ ನನಗೆ ಹೊಟ್ಟೆ ಉರಿಯಿತು. ಬೀಗಿತ್ತಿಗೂ ಉರಿಯಿತು ಅನ್ನಿಸುತ್ತೆ, "ಏಮಿ ಸಮುದ್ರಮೋ" ಅಂತ ಗೊಣಗಿದಳು. ಆ ಉರಿಯ ಜೊತೆಗೇ ಇಬ್ಬರಿಗೂ ನಗು.

ಬಸ್ಸು ಹಾರನ್ ಹೊಡೆಯಿತು. ಮೇಡಂ ಮರಳಿನಲ್ಲಿ ಓಡುತ್ತಾ ಬಂದರು. "ಒಂಬತ್ತಾಯ್ತು ಕಣ್ರಮ್ಮಾ! ಎಲ್ಲರೂ ಹತ್ತಿದ್ದಾರೆ. ಕರೀರಿ ಅವಳನ್ನ."

"ಬೀಗ್ರೇ, ಕರೀರಿ. ನೀವು ಕೂಗಿದ್ರೆ ಬರ್ತಾಳೆ" ಅಂದೆ ನಾನು.

"ನಾನಾ? ನೀವೇ ಕರೀರಿ ಅಕ್ಕಾ. ನೀವು ದೊಡ್ಡವರು."

"ನಾನು ಕರೆಯೋಲ್ಲಪ್ಪ."

"ನಾನೂ ಕರೆಯೋಲ್ಲ."

ಮೇಡಂ ಒಂದು ಸಲ ಅವಳನ್ನು, ಒಂದು ಸಲ ನನ್ನನ್ನು ನೋಡಿದರು. "ಹಂಗಾದ್ರೆ ಯಾರು ಕರೀತಾರೆ?"

ನಾವಿಬ್ಬರೂ ಸಮುದ್ರದ ಕಡೆಗೇ ತಿರುಗಿ ನಿಂತೆವು. ದೂರದಲ್ಲಿ ನೀರು ಮತ್ತೆ ಉಬ್ಬಿಕೊಂಡು ಬರ್ತಾ ಇತ್ತು, ಮಗು ಬೋರಲು ಮಲಗಿ ಕೈ ಹಾಕೋಕೆ ಶುರು ಮಾಡಿತ್ತು.